ಗೂಡು ಕಟ್ಟುವ ಕಾಲ: ಟಂಡ್ರಾದಲ್ಲಿ ಹಿಮ, ಮಲೆನಾಡಿನಲ್ಲಿ ಮಳೆ

ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಮೂಡಿಗೆರೆ, ಕಳಸದ ಸುತ್ತಿನ ಕಾಫಿ ತೋಟಗಳಿಗೆ ಹೊಸ ಅತಿಥಿಗಳು ಬರತೊಡಗುತ್ತಾರೆ. ಹಳ್ಳದ ಬಂಡೆಗಳ ಮೇಲೆ ಬಾಲ ಕುಣಿಸುತ್ತ ಓಡಾಡುವ ಬೂದು ಸಿಪಿಲೆಯನ್ನು ನೀವು ನೋಡಿರುತ್ತೀರಿ. ತೋಟಗಳ ನಡುವೆ ತಗ್ಗಿನಲ್ಲಿರುವ ಗದ್ದೆಗಳ ಕೆಸರಿನಲ್ಲಿ ಇನ್ನೊಂದು ಹಕ್ಕಿ ಅಡಗಿರುತ್ತದೆ. ಉದ್ದ ಕೊಕ್ಕು, ಒಣಹುಲ್ಲಿನ ಬಣ್ಣದ ಮೈ. ಕಾಲಿಗೆ ಸಿಗುವಷ್ಟು ಹತ್ತಿರ ಹೋಗುವ ತನಕ ಅದು ಅಲ್ಲಿರುವುದೇ ತಿಳಿಯದು. ಆಮೇಲೆ ಕರ್ಕಶವಾಗಿ ಕೂಗಿ ಹಾರಿಹೋಗುತ್ತದೆ. ಇದು ಸ್ನೈಪ್. ನಮ್ಮಲ್ಲಿಗೆ ಬರುವ ಸ್ನೈಪ್‌ಗಳಲ್ಲಿ ಪಿನ್‌ಟೇಲ್ ಸ್ನೈಪ್ ಎಂಬುದೂ ಒಂದು. ಬಾಲದ ಅಂಚಿನ ಗರಿಗಳು ಗುಂಡುಸೂಜಿಯಂತೆ ಕಿರಿದಾಗಿರುವುದರಿಂದ ಅದಕ್ಕೆ ಆ ಹೆಸರು. ಅದು ಹುಟ್ಟುವುದು ಉತ್ತರ ರಷ್ಯದ ಟೈಗಾ ಕಾಡುಗಳ ಜೌಗಿನಲ್ಲಿ ಮತ್ತು ಅದಕ್ಕೂ ಉತ್ತರದ ಟಂಡ್ರಾದಲ್ಲಿ.

ಕಳಸ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಟಂಡ್ರಾದ ಒಂದು ಜಾಗ 68 ಡಿಗ್ರಿಯಲ್ಲಿದೆ ಎಂದುಕೊಳ್ಳಿ. ಅಕ್ಷಾಂಶದ ಒಂದು ಡಿಗ್ರಿಗೆ 111 ಕಿ.ಮೀ.ನಂತೆ ನೇರವಾಗಿ ಉತ್ತರಕ್ಕೆ ಹೋದರೂ ಅಂತರ 6,100 ಕಿ.ಮೀ. ದಾಟುತ್ತದೆ. ನೂರು ಗ್ರಾಂ ಆಸುಪಾಸಿನ ಹಕ್ಕಿ ಏಪ್ರಿಲ್ ಹೊತ್ತಿಗೆ ನಮ್ಮ ಗದ್ದೆಗಳನ್ನು ಬಿಟ್ಟು ಅಷ್ಟು ದೂರಕ್ಕೆ ಹೊರಡುತ್ತದೆ, ಮೊಟ್ಟೆ ಇಡಲು. ವಿಚಿತ್ರವೆಂದರೆ, ಅದು ಹೊರಡುವ ಹೊತ್ತಿನಲ್ಲಿ ಇಲ್ಲಿನ ಪಿಕಳಾರ, ಕುಟ್ರ, ಮಂಗಟ್ಟೆಗಳೆಲ್ಲ ಇದೇ ತೋಟಗಳಲ್ಲಿ ಗೂಡಿನ ಕೆಲಸದಲ್ಲಿ ಮುಳುಗಿರುತ್ತವೆ. ಇಲ್ಲಿ ಸಾಧ್ಯವಿರುವ ಕೆಲಸಕ್ಕೆ ಅದು ಅಲ್ಲಿಗೇಕೆ ಹೋಗಬೇಕು? ಹಕ್ಕಿಯೊಂದು ‘ಇದೇ ತಕ್ಕ ಕಾಲ’ ಎಂದು ಗೊತ್ತುಮಾಡಿಕೊಳ್ಳುವುದು ಹೇಗೆ?

ಭೌತವಿಜ್ಞಾನ ಕಲಿಸುವವನಿಗೆ ಹಕ್ಕಿಗೂಡಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಗೂಡು ಎಂದರೆ ಶಾಖ, ಬೆಳಕು, ನೀರು, ಕಾಲ ಇವುಗಳ ಲೆಕ್ಕಾಚಾರ. ಪ್ರೌಢಶಾಲೆಯ ಗಣಿತ ತಿಳಿದವರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಮೂಲ ನಿಯಮ ಒಂದೇ

ಗೂಡಿನ ಕೆಲಸದಲ್ಲಿ ಅತಿ ಕಷ್ಟದ ದಿನಗಳು ಮೊಟ್ಟೆ ಇಡುವ ದಿನಗಳಲ್ಲ. ಮರಿಗಳು ಬೆಳೆಯುವ ದಿನಗಳು. ಆಗ ಬೇಕಾಗುವಷ್ಟು ಆಹಾರ ಮತ್ತೆಂದೂ ಬೇಕಾಗದು. ಆದ್ದರಿಂದ ಮರಿಗಳ ಹಸಿವು ಹೆಚ್ಚಿರುವ ದಿನಗಳಿಗೂ ಸುತ್ತಲಿನ ಆಹಾರ ಹೆಚ್ಚಿರುವ ದಿನಗಳಿಗೂ ತಾಳೆಯಾಗಬೇಕು. ತೊಡಕು ಇರುವುದು ಇಲ್ಲಿಯೇ. ಗೂಡು ಕಟ್ಟಲು, ಮೊಟ್ಟೆ ಬೆಳೆಸಲು, ಕಾವು ಕೊಡಲು ವಾರಗಟ್ಟಲೆ ಬೇಕು. ಅಂದರೆ ಆಹಾರ ಸಮೃದ್ಧವಾಗುವ ಮೊದಲೇ ಹಕ್ಕಿ ತೀರ್ಮಾನ ಮಾಡಿರಬೇಕು. ರೈತ ಮಳೆಗಿಂತ ಮುಂಚೆ ಗದ್ದೆ ಸಿದ್ಧಮಾಡಿಕೊಳ್ಳುವಂತೆ ಹಕ್ಕಿಯೂ ಮುಂದಾಗುವುದನ್ನು ಅಂದಾಜು ಮಾಡಬೇಕು. ಅಂದಾಜಿಗೆ ಏನಾದರೂ ಸೂಚನೆ ಬೇಕು. ಟಂಡ್ರಾದಲ್ಲೂ ಕಾಫಿ ಗುಡ್ಡದಲ್ಲೂ ಈ ನಿಯಮ ಒಂದೇ. ಬೇರೆಯಾಗುವುದು ಸೂಚನೆಗಳು ಮತ್ತು ಗಡುವು.

ಟಂಡ್ರಾದ ಕಿರು ಬೇಸಿಗೆ

ಟಂಡ್ರಾ ಎಂದರೆ ಮರಗಳಿಲ್ಲದ, ಪಾಚಿ, ಹುಲ್ಲು, ಕುರುಚಲು ಗಿಡಗಳ ಶೀತಲ ಬಯಲು. ಒಳಗಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಬೇಸಿಗೆಯಲ್ಲಿ ಮೇಲ್ಪದರ ಮಾತ್ರ ಕರಗುತ್ತದೆ. ಕರಗಿದ ನೀರು ಕೆಳಗೆ ಇಂಗಲು ದಾರಿಯಿಲ್ಲದೆ ಎಲ್ಲೆಡೆ ನಿಲ್ಲುತ್ತದೆ. ನಿಂತ ನೀರಿನಲ್ಲಿ ಸೊಳ್ಳೆ, ನುಸಿ ಮೊದಲಾದ ಕೀಟಗಳು ಕೆಲವೇ ವಾರಗಳಲ್ಲಿ ಒಟ್ಟಾಗಿ ಏಳುತ್ತವೆ. ಮರಿಗಳಿಗೆ ಅದೇ ಹಬ್ಬದೂಟ. ಜೂನ್‌ನಲ್ಲಿ ಹಿಮ ಕರಗಿದ ಮೇಲೆ ಮೊಟ್ಟೆ ಇಟ್ಟು, ಸುಮಾರು ಮೂರು ವಾರ ಕಾವು ಕೊಟ್ಟು, ಮರಿ ಬೆಳೆಸಿ, ಆಗಸ್ಟ್ ಮುಗಿಯುವುದರೊಳಗೆ ದಕ್ಷಿಣಕ್ಕೆ ಹೊರಡಬೇಕು. ಒಮ್ಮೆ ಗೂಡು ಹಾಳಾದರೆ ಮತ್ತೊಮ್ಮೆ ಪ್ರಯತ್ನಿಸಲು ಕಾಲಾವಕಾಶ ಬಹಳ ಕಡಿಮೆ.

ನಮ್ಮ ಬಯಲುಸೀಮೆಯ ಕೆರೆಗಳ ಅಂಚಿಗೆ ಚಳಿಗಾಲದಲ್ಲಿ ಬರುವ ಲಿಟ್ಲ್ ಸ್ಟಿಂಟ್ ಎಂಬ ಪುಟ್ಟ ಹಕ್ಕಿ ನಿಜವಾದ ಟಂಡ್ರಾವಾಸಿ. ತೂಕ 30 ಗ್ರಾಂ ದಾಟುವುದೇ ಅಪರೂಪ. ಅದು ಒಂದು ಸಲಕ್ಕೆ ಇಡುವ ನಾಲ್ಕು ಮೊಟ್ಟೆಗಳ ಒಟ್ಟು ತೂಕ ತಾಯಿಯ ತೂಕದ ಹತ್ತಿರಕ್ಕೆ ಬರುತ್ತದೆ. ಎಷ್ಟೋ ಬಾರಿ ಹೆಣ್ಣು ಎರಡು ಗೂಡುಗಳಲ್ಲಿ ಮೊಟ್ಟೆ ಇಟ್ಟು, ಒಂದಕ್ಕೆ ಗಂಡು, ಇನ್ನೊಂದಕ್ಕೆ ತಾನು ಕಾವು ಕೊಡುವ ವ್ಯವಸ್ಥೆಯೂ ಇದೆ. ಕಾಲ ಕಡಿಮೆಯಾದಾಗ ಕೆಲಸ ಹಂಚಿಕೊಳ್ಳುವ ಬಗೆ ಇದು.

ಇಷ್ಟು ಮೊಟ್ಟೆಗಳಿಗೆ ಬೇಕಾದ ಸಾಮಗ್ರಿ ಎಲ್ಲಿಂದ ಬರುತ್ತದೆ? ದಕ್ಷಿಣದಲ್ಲಿ ತಿಂದು ಮೈಯಲ್ಲಿ ಕೂಡಿಟ್ಟುಕೊಂಡ ಕೊಬ್ಬಿನಿಂದಲೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಂಗಾಲದ ಐಸೊಟೋಪ್‌ಗಳಿಂದ. ಕಡಲತೀರದ ಆಹಾರದಲ್ಲಿಯೂ ಟಂಡ್ರಾದ ಆಹಾರದಲ್ಲಿಯೂ ಇಂಗಾಲ-13ರ ಪ್ರಮಾಣ ಬೇರೆ ಬೇರೆ. ತಿಂದ ಆಹಾರದ ಗುರುತು ಮೊಟ್ಟೆಯಲ್ಲೂ ಮರಿಯ ಮೊದಲ ತುಪ್ಪಳದಲ್ಲೂ ಉಳಿಯುತ್ತದೆ. 2001ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕ್ಲಾಸೆನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಂತೆ, ಆರ್ಕ್ಟಿಕ್ ನೀರಂಚಿನ ಹಕ್ಕಿಗಳ ಮೊಟ್ಟೆಗಳು ಟಂಡ್ರಾದಲ್ಲೇ ತಿಂದ ಆಹಾರದಿಂದ ಆದವು. ಅಂದರೆ ಸಾವಿರಾರು ಕಿ.ಮೀ. ಹಾರಿ ದಣಿದು ಬಂದ ತಾಯಿ ಮೊದಲು ಅಲ್ಲಿನ ನೆಲದಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಕು. ಹಿಮ ಕರಗುವುದು ತಡವಾದರೆ ಮೊಟ್ಟೆಯೂ ತಡ.

ಇನ್ನು ಶಾಖದ ಲೆಕ್ಕ. ಕಾವಿನಲ್ಲಿರುವ ಮೊಟ್ಟೆ ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು ಎನ್ನೋಣ. ಟಂಡ್ರಾದ ಗಾಳಿ 5 ಡಿಗ್ರಿಯಲ್ಲಿದ್ದರೆ ವ್ಯತ್ಯಾಸ 32 ಡಿಗ್ರಿ. ಏಪ್ರಿಲ್ ಬೆಳಗಿನಲ್ಲಿ ಮೂಡಿಗೆರೆಯ ತೋಟ 21 ಡಿಗ್ರಿಯಲ್ಲಿದ್ದರೆ ವ್ಯತ್ಯಾಸ 16 ಡಿಗ್ರಿ. ನ್ಯೂಟನ್ನನ ಶೀತಲನ ನಿಯಮದಂತೆ ಶಾಖನಷ್ಟ ಈ ವ್ಯತ್ಯಾಸಕ್ಕೆ ಅನುಪಾತದಲ್ಲಿರುತ್ತದೆ. ಹಾಗಾಗಿ ಉಳಿದೆಲ್ಲವೂ ಸಮವೆಂದುಕೊಂಡರೂ ಟಂಡ್ರಾದ ತಾಯಿಗೆ ಮೊಟ್ಟೆಯನ್ನು ಬಿಸಿಯಾಗಿಡುವ ಖರ್ಚು ಎರಡು ಪಟ್ಟು. ಮರಿಯ ಕಷ್ಟ ಇನ್ನೂ ಹೆಚ್ಚು. 10 ಗ್ರಾಂ ಮರಿಯನ್ನೂ 100 ಗ್ರಾಂ ತಾಯಿಯನ್ನೂ ಹೋಲಿಸಿ. ಆಕಾರ ಒಂದೇ ಆಗಿದ್ದರೆ, ಪ್ರತಿ ಗ್ರಾಂ ತೂಕಕ್ಕೆ ಮರಿಯ ಮೈ ಹೊರಮೇಲ್ಮೈ ತಾಯಿಯದಕ್ಕಿಂತ 10ರ ಘನಮೂಲದಷ್ಟು, ಅಂದರೆ ಸುಮಾರು 2.15 ಪಟ್ಟು ಹೆಚ್ಚು. ಅಷ್ಟೇ ಬೇಗ ಅದು ತಣ್ಣಗಾಗುತ್ತದೆ. ಚಳಿ ಹೆಚ್ಚಾದ ದಿನ ಮರಿ ಮೇಯುವುದನ್ನು ಬಿಟ್ಟು ಮತ್ತೆ ಮತ್ತೆ ತಾಯಿಯ ಒಡಲ ಕೆಳಗೆ ಸೇರಬೇಕಾಗುತ್ತದೆ. ಮೇವಿನ ಹೊತ್ತು ಕಡಿಮೆಯಾದಷ್ಟೂ ಬೆಳವಣಿಗೆ ಕುಂಠಿತವಾಗುತ್ತದೆ.

ಹವೆಯ ಜೊತೆಗೆ ನೆರೆಹೊರೆಯೂ ಮುಖ್ಯ. ಟಂಡ್ರಾದಲ್ಲಿ ಲೆಮ್ಮಿಂಗ್ ಎಂಬ ಇಲಿಜಾತಿಯ ಪ್ರಾಣಿಗಳಿವೆ. ಅನೇಕ ಕಡೆ ಅವುಗಳ ಸಂಖ್ಯೆ ಮೂರು-ನಾಲ್ಕು ವರ್ಷಗಳಿಗೊಮ್ಮೆ ಏರಿ ಇಳಿಯುತ್ತದೆ. ಲೆಮ್ಮಿಂಗ್ ಹೇರಳವಾಗಿದ್ದಾಗ ಆರ್ಕ್ಟಿಕ್ ನರಿಗಳು ಅವನ್ನೇ ತಿನ್ನುತ್ತವೆ. ಹಕ್ಕಿಗಳು ನಿಶ್ಚಿಂತವಾಗಿ ಮರಿ ಮಾಡುತ್ತವೆ. ಲೆಮ್ಮಿಂಗ್ ಕುಸಿದ ವರ್ಷ ಸಂಖ್ಯೆ ಬೆಳೆಸಿಕೊಂಡ ನರಿಗಳು ಹಕ್ಕಿಗೂಡುಗಳತ್ತ ತಿರುಗುತ್ತವೆ. ಸೈಬೀರಿಯಾದಲ್ಲಿ ಮರಿಮಾಡಿ ಪಶ್ಚಿಮ ಯೂರೋಪಿಗೆ ಬರುವ ಬ್ರೆಂಟ್ ಹೆಬ್ಬಾತುಗಳ ಗುಂಪಿನಲ್ಲಿ ಆ ವರ್ಷದ ಮರಿಗಳು ಎಷ್ಟಿವೆ ಎಂದು ಎಣಿಸಿದರೆ ಲೆಮ್ಮಿಂಗ್‌ಗಳ ಏರಿಳಿತದ ಜಾಡು ಅಲ್ಲಿಯೂ ಕಾಣುತ್ತದೆ.

ಹಾಗಾದರೆ ಅಲ್ಲಿಗೆ ಹೋಗುವ ಲಾಭವೇನು?

ಇಷ್ಟೆಲ್ಲ ಕಷ್ಟವಿದ್ದರೂ ಹೋಗುವುದಕ್ಕೆ ಎರಡು ದೊಡ್ಡ ಕಾರಣಗಳಿವೆ. ಮೊದಲನೆಯದು ಬೆಳಕು. 70 ಡಿಗ್ರಿ ಅಕ್ಷಾಂಶದಲ್ಲಿ ಎರಡು ತಿಂಗಳಿಗೂ ಹೆಚ್ಚು ಕಾಲ ಸೂರ್ಯ ಮುಳುಗುವುದೇ ಇಲ್ಲ. ಮೇವು ಹುಡುಕಲು ಹೊತ್ತಿನ ಮಿತಿಯಿಲ್ಲ. ಉತ್ತರದ ಹಕ್ಕಿಗಳು ಉಷ್ಣವಲಯದವುಗಳಿಗಿಂತ ಹೆಚ್ಚು ಮೊಟ್ಟೆ ಇಡುವುದಕ್ಕೆ ಉದ್ದ ಹಗಲೂ ಒಂದು ಕಾರಣವಿರಬೇಕೆಂದು ಇಂಗ್ಲೆಂಡಿನ ಡೇವಿಡ್ ಲ್ಯಾಕ್ 1947ರಲ್ಲಿಯೇ ವಾದಿಸಿದ್ದರು. ಬೂದು ಸಿಪಿಲೆ ನಾಲ್ಕರಿಂದ ಆರು ಮೊಟ್ಟೆ ಇಡುತ್ತದೆ. ನಮ್ಮ ಕೆಮ್ಮೀಸೆ ಪಿಕಳಾರ ಎರಡೋ ಮೂರೋ.

ಎರಡನೆಯದು ಶತ್ರುಗಳ ಕೊರತೆ. ಕೆನಡಾದಲ್ಲಿ ಲಾರಾ ಮೆಕಿನನ್ ಮತ್ತು ಸಂಗಡಿಗರು ದಕ್ಷಿಣದಿಂದ ಉತ್ತರಕ್ಕೆ 3,350 ಕಿ.ಮೀ. ಉದ್ದಕ್ಕೂ ಕೃತಕ ಗೂಡುಗಳಲ್ಲಿ ಮೊಟ್ಟೆ ಇಟ್ಟು, ಎಷ್ಟು ಉಳಿಯುತ್ತವೆ ಎಂದು ಲೆಕ್ಕ ಹಾಕಿದರು. 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಆ ವರದಿಯ ಪ್ರಕಾರ ಅಕ್ಷಾಂಶ ಒಂದು ಡಿಗ್ರಿ ಹೆಚ್ಚಿದಂತೆ ಗೂಡು ಲೂಟಿಯಾಗುವ ಅಪಾಯ ಶೇ. 3.6ರಷ್ಟು ಇಳಿಯುತ್ತದೆ. ಈಗ ನಮ್ಮ ತೋಟವನ್ನು ನೆನೆಯಿರಿ: ಕೇರೆಹಾವು, ಮುಂಗುಸಿ, ಕೆಂಬೂತ, ಅಳಿಲು, ಮಂಗ, ಕಾಗೆ. ನೆಲದ ಮೇಲೆ ಮೊಟ್ಟೆ ಇಡುವ ಸ್ನೈಪ್‌ಗೆ ಇಲ್ಲಿ ಗಂಡಾಂತರ ಒಂದೆರಡಲ್ಲ. ಇಲ್ಲಿಯೇ ನೆಲೆಸಿರುವ ಹಕ್ಕಿಗಳ ಉಪಾಯ ಬೇರೆ. ಒಂದು ಸಲಕ್ಕೆ ಕಡಿಮೆ ಮೊಟ್ಟೆ, ಗೂಡು ಹೋದರೆ ಮತ್ತೊಂದು ಗೂಡು, ಈ ವರ್ಷ ಆಗದಿದ್ದರೆ ಮುಂದಿನ ವರ್ಷ. ಟಂಡ್ರಾದ ಹಕ್ಕಿಗೆ ವರ್ಷಕ್ಕೆ ಒಂದೇ ಪರೀಕ್ಷೆ. ನಮ್ಮ ಹಕ್ಕಿಗೆ ಮರುಪರೀಕ್ಷೆಗಳೂ ಉಂಟು.

ನಮ್ಮ ಗಡುವು ಜೂನ್

ಮರುಪರೀಕ್ಷೆ ಇದ್ದ ಮಾತ್ರಕ್ಕೆ ನಮ್ಮಲ್ಲಿ ಗಡುವೇ ಇಲ್ಲವೆಂದಲ್ಲ. ಟಂಡ್ರಾದಲ್ಲಿ ಹಿಮ ಮಾಡುವ ಕೆಲಸವನ್ನು ಇಲ್ಲಿ ಮುಂಗಾರು ಮಾಡುತ್ತದೆ. ಕಳಸ, ಮೂಡಿಗೆರೆಯ ಘಟ್ಟದಂಚಿಗೆ ವರ್ಷಕ್ಕೆ ಬೀಳುವ ಎರಡೂವರೆ-ಮೂರು ಸಾವಿರ ಮಿ.ಮೀ. ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಿನದು.

ಜನವರಿ-ಫೆಬ್ರುವರಿಯಲ್ಲಿ ಕಾಫಿ ಕೊಯ್ಲು ಮುಗಿಯುತ್ತಿರುವಂತೆ ಅನೇಕ ಮರಗಳು ಚಿಗುರುತ್ತವೆ. ಎಳೆ ಎಲೆಗಳ ಮೇಲೆ ಕಂಬಳಿಹುಳುಗಳು ಬೆಳೆಯುತ್ತವೆ. ಮಾರ್ಚ್-ಏಪ್ರಿಲ್‌ನ ಹೂಮಳೆ ಬಿದ್ದು ಒಂದು ವಾರ ಹತ್ತು ದಿನಗಳಲ್ಲಿ ಗುಡ್ಡವೆಲ್ಲ ಕಾಫಿ ಹೂವಿನಿಂದ ಬೆಳ್ಳಗಾಗುತ್ತದೆ. ಜೇನು, ದುಂಬಿಗಳು ಬರುತ್ತವೆ. ಮೊದಲ ಮಳೆಗಳ ನಂತರ ಸಂಜೆ ಹೊತ್ತು ಹುತ್ತಗಳಿಂದ ಈಸಲು ಹುಳುಗಳು ಏಳುವುದನ್ನೂ ಅವನ್ನು ಹಿಡಿಯಲು ಭೀಮರಾಜ, ಪಿಕಳಾರಗಳು ಮುಗಿಬೀಳುವುದನ್ನೂ ನೀವು ಕಂಡಿರುತ್ತೀರಿ. ಬಸರಿ, ಅತ್ತಿ, ಗೋಣಿ ಮರಗಳಲ್ಲಿ ಹಣ್ಣು. ಪಶ್ಚಿಮ ಘಟ್ಟದ ಬಹುಪಾಲು ಕಾಡುಹಕ್ಕಿಗಳು ಈ ಅವಧಿಯಲ್ಲೇ ಮರಿ ಮಾಡಿ, ಮಳೆ ಹಿಡಿಯುವ ಮೊದಲು ಮರಿಗಳನ್ನು ಹಾರಿಸಿಬಿಡುತ್ತವೆ.

ಜಡಿಮಳೆ ಅಷ್ಟೇಕೆ ಅಪಾಯ? ಗರಿಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಹಕ್ಕಿಯ ಕಂಬಳಿ. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಸುಮಾರು 24 ಪಟ್ಟು ಹೆಚ್ಚು. ಗರಿ ತೊಯ್ದು ಗಾಳಿಯ ಜಾಗಕ್ಕೆ ನೀರು ಬಂದರೆ ಕಂಬಳಿ ಕಂಬಳಿಯಾಗಿ ಉಳಿಯದು. ಇದರ ಮೇಲೆ ಆವಿಯಾಗುವ ಖರ್ಚು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. 30 ಗ್ರಾಂ ತೂಕದ ಹಕ್ಕಿಯ ಮೈಮೇಲಿನ 2 ಗ್ರಾಂ ನೀರು ಮೈಶಾಖದಿಂದಲೇ ಆರಬೇಕಾದರೆ 4,800 ಜೂಲ್. ಅಷ್ಟು ತೂಕದ ಹಕ್ಕಿಯ ಇಡೀ ದಿನದ ಶಕ್ತಿವ್ಯಯ ಸುಮಾರು 1,00,000 ಜೂಲ್. ಅಂದರೆ ಒಮ್ಮೆ ನೆನೆದು ಆರುವುದಕ್ಕೆ ದಿನದ ಆದಾಯದಲ್ಲಿ ಶೇ. 5 ಖರ್ಚು. ಜುಲೈ ತಿಂಗಳಲ್ಲಿ ಇಲ್ಲಿ ದಿನಕ್ಕೆ ಎಷ್ಟು ಸಲ ನೆನೆಯಬೇಕಾಗುತ್ತದೆ ಎಂಬುದನ್ನು ಮಲೆನಾಡಿನವರಿಗೆ ಹೇಳಬೇಕಿಲ್ಲ. ತಾಯಿ ಮೇವಿಗೆ ಹೋದರೆ ಗೂಡು ನೆನೆಯುತ್ತದೆ. ಗೂಡು ಕಾದರೆ ಮರಿ ಹಸಿಯುತ್ತದೆ.

ನಿಯಮವನ್ನು ಗಟ್ಟಿಮಾಡುವ ಎರಡು ಹಕ್ಕಿಗಳು

ಮಳೆಗಾಲದಲ್ಲಿಯೇ ಗೂಡು ಮಾಡುವ ಹಕ್ಕಿಗಳೂ ಇವೆ. ಮಲಬಾರ್ ವಿಸ್ಲಿಂಗ್ ಥ್ರಷ್, ಅಂದರೆ ಸಿಳ್ಳಾರ, ಮಳೆ ಹಿಡಿದ ಬೆಳಗುಗಳಲ್ಲಿ ಹಳ್ಳದ ಬದಿಯಿಂದ ಮನುಷ್ಯನಂತೆಯೇ ಸಿಳ್ಳು ಹಾಕುತ್ತದೆ. ಹಳ್ಳ, ಅಬ್ಬಿಗಳ ಪಕ್ಕದ ಬಂಡೆಯ ಸಂದಿನಲ್ಲಿ, ಕೆಲವೊಮ್ಮೆ ಮನೆಯ ಸೂರಿನಡಿಯಲ್ಲಿಯೂ ಅದರ ಗೂಡು. ಏಡಿ, ಬಸವನಹುಳು, ಎರೆಹುಳು, ಕಪ್ಪೆ ಅದರ ಆಹಾರ. ಅವು ಹೇರಳವಾಗುವುದೇ ಮಳೆ ಬಂದಾಗ. ಗೂಡಿನ ಮೇಲೆ ಬಂಡೆಯೇ ಮಾಡು. ಮೇವು ಮಳೆಯಿಂದ ಬರುತ್ತದೆ, ಗೂಡು ಮಳೆಯಿಂದ ತಪ್ಪಿಸಿಕೊಳ್ಳುತ್ತದೆ. ಹೀಗಿರುವಾಗ ಮುಂಗಾರು ಅದಕ್ಕೆ ಗಡುವಲ್ಲ, ಸುಗ್ಗಿ.

ಇನ್ನೊಂದು ಉದಾಹರಣೆಗೆ ಅದೇ ಚಿಕ್ಕಮಗಳೂರು ಜಿಲ್ಲೆಯ ಪೂರ್ವಕ್ಕೆ, ಕಡೂರಿನ ಬಯಲಿಗೆ ಬನ್ನಿ. ಘಟ್ಟದ ಮಳೆನೆರಳಿನಲ್ಲಿರುವ ಇಲ್ಲಿ ವರ್ಷದ ಮಳೆ ಕಳಸದ್ದಕ್ಕೆ ಹೋಲಿಸಿದರೆ ಕಾಲುಭಾಗದಷ್ಟು. ಇಲ್ಲಿ ಗೀಜಗ ಗೂಡು ನೇಯುವುದು ಮಳೆ ಬಂದ ಮೇಲೆ. ಹಸಿರು ಹುಲ್ಲಿನ ಎಳೆ ಸಿಕ್ಕದೆ ಅದು ನೇಯಲಾರದು. ಕಾಳು ಕಟ್ಟುವ ಹೊತ್ತಿಗೆ ಮರಿಗಳು ಹೊರಬರಬೇಕು. ನೂರು ಕಿ.ಮೀ. ಒಳಗೆ ಒಂದು ಹಕ್ಕಿಗೆ ಮಳೆ ಕೊನೆಯ ಗಂಟೆ, ಇನ್ನೊಂದಕ್ಕೆ ಮೊದಲ ಗಂಟೆ. ಋತು ಬೇರೆಯಾದರೂ ಮರಿಯ ಹಸಿವಿಗೂ ಆಹಾರಕ್ಕೂ ತಾಳೆಯಾಗಬೇಕೆಂಬ ನಿಯಮ ಬದಲಾಗಿಲ್ಲ.

ಹಕ್ಕಿಯ ಗಡಿಯಾರ

ಹಕ್ಕಿಗೆ ಸೂಚನೆ ಸಿಗುವುದು ಎಲ್ಲಿಂದ? ಕೆನಡಾದ ವಿಲಿಯಂ ರೋವನ್ 1920ರ ದಶಕದಲ್ಲಿ ಜುಂಕೊ ಎಂಬ ಸಣ್ಣ ಹಕ್ಕಿಗಳನ್ನು ಕೊರೆಯುವ ಚಳಿಗಾಲದಲ್ಲಿ ಬಯಲ ಪಂಜರದಲ್ಲಿಟ್ಟು, ಸಂಜೆಯ ನಂತರ ವಿದ್ಯುದ್ದೀಪ ಉರಿಸಿ ಕೃತಕವಾಗಿ ಹಗಲನ್ನು ಹಿಗ್ಗಿಸಿದ. ಚಳಿ ಇದ್ದಂತೆಯೇ ಇದ್ದರೂ ಅವುಗಳ ಸಂತಾನಾಂಗಗಳು ವಸಂತದಲ್ಲಿ ಬೆಳೆಯುವಂತೆ ಬೆಳೆದವು. ಹಗಲಿನ ಉದ್ದವೇ ಪಂಚಾಂಗ ಎಂದು ಇದರಿಂದ ತಿಳಿಯಿತು. ಹಗಲಿನ ಉದ್ದಕ್ಕೆ ಹವೆಯಂತೆ ಏರುಪೇರಿಲ್ಲ. ಮಾರ್ಚ್ 21ರ ಹಗಲು ಪ್ರತಿವರ್ಷವೂ ಅಷ್ಟೇ.

ಆದರೆ ಈ ಪಂಚಾಂಗದ ಅಕ್ಷರಗಳು ಉತ್ತರದಲ್ಲಿ ದಪ್ಪ, ನಮ್ಮಲ್ಲಿ ಅತಿ ಸಣ್ಣ. ಮಾರ್ಚ್ 21ರ ಸುಮಾರಿಗೆ 70 ಡಿಗ್ರಿ ಅಕ್ಷಾಂಶದಲ್ಲಿ ಹಗಲು ದಿನಕ್ಕೆ ಸುಮಾರು 9 ನಿಮಿಷ ಬೆಳೆಯುತ್ತದೆ. ಕಳಸದಲ್ಲಿ ಬೆಳೆಯುವುದು ಸುಮಾರು 45 ಸೆಕೆಂಡು. ಇಡೀ ವರ್ಷದಲ್ಲಿ ನಮ್ಮ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ, ಅತಿ ದೊಡ್ಡ ಹಗಲು ಸುಮಾರು 12 ಗಂಟೆ 54 ನಿಮಿಷ. ಇಷ್ಟು ಅಲ್ಪ ವ್ಯತ್ಯಾಸವನ್ನು ಹಕ್ಕಿ ಗುರುತಿಸಬಲ್ಲುದೆ?

ಪನಾಮ ದೇಶದ ಕಾಡಿನಲ್ಲಿ, 9 ಡಿಗ್ರಿ ಅಕ್ಷಾಂಶದಲ್ಲಿ ವಾಸಿಸುವ ಸ್ಪಾಟೆಡ್ ಆಂಟ್‌ಬರ್ಡ್ ಎಂಬ ಹಕ್ಕಿಯ ಮೇಲೆ ಮಿಕೇಲ ಹೌ ಮತ್ತು ಸಂಗಡಿಗರು ಪ್ರಯೋಗ ನಡೆಸಿ 1998ರಲ್ಲಿ ವರದಿ ಮಾಡಿದರು. 12 ಗಂಟೆಯ ಹಗಲನ್ನು ಕೇವಲ 17 ನಿಮಿಷ ಹೆಚ್ಚಿಸಿದರೂ ಅವುಗಳ ಸಂತಾನಾಂಗಗಳು ಬೆಳೆಯತೊಡಗಿದವು. ಜೀವಂತ ಕೀಟಗಳ ಆಹಾರವೂ ಅವುಗಳನ್ನು ಉತ್ತೇಜಿಸುತ್ತದೆ ಎಂದು ನಂತರದ ಪ್ರಯೋಗಗಳು ತೋರಿಸಿದವು. ಅಂದರೆ ಬೆಳಕು ಹಕ್ಕಿಯನ್ನು ಸಿದ್ಧಗೊಳಿಸುತ್ತದೆ. ಮೇವು ಮತ್ತು ಮಳೆಯ ಸೂಚನೆಗಳು ದಿನವನ್ನು ನಿಗದಿಮಾಡುತ್ತವೆ. ಕಳಸದ ಅಕ್ಷಾಂಶಕ್ಕೆ ಲೆಕ್ಕ ಹಾಕಿದರೆ, ಡಿಸೆಂಬರ್ 22ರ ಕಿರುಹಗಲಿಗಿಂತ 17 ನಿಮಿಷ ಹೆಚ್ಚಿನ ಹಗಲು ಬರುವುದು ಫೆಬ್ರುವರಿ ಮೊದಲ ವಾರದಲ್ಲಿ. ನಮ್ಮ ತೋಟಗಳಲ್ಲಿ ಗೂಡಿನ ಸಡಗರ ಹೆಚ್ಚುವ ಕಾಲವೂ ಅದೇ! ಪನಾಮದ ಹಕ್ಕಿಯ ಲೆಕ್ಕವನ್ನು ನಮ್ಮ ಪಿಕಳಾರಕ್ಕೆ ಹಾಗೆಯೇ ಅನ್ವಯಿಸಬಾರದು, ಅದಕ್ಕೆ ಇಲ್ಲಿನ ಹಕ್ಕಿಗಳ ಮೇಲೆಯೇ ಪ್ರಯೋಗ ನಡೆಯಬೇಕು. ಆದರೆ 17 ನಿಮಿಷವನ್ನು ಹಕ್ಕಿಯ ಮಿದುಳು ಅಳೆಯಬಲ್ಲುದು ಎಂಬುದು ಸಿದ್ಧವಾದ ಸಂಗತಿ.

ಗಡಿಯಾರ ಸರಿ, ಋತು ಬೇರೆ

ಈಗ ಕಳವಳದ ವಿಷಯಕ್ಕೆ ಬರೋಣ. ಹವಾಗುಣ ಬದಲಾದರೆ ಹಿಮ ಕರಗುವ ದಿನ ಬದಲಾಗುತ್ತದೆ, ಚಿಗುರಿನ ದಿನ ಬದಲಾಗುತ್ತದೆ, ಮಳೆಯ ದಿನ ಬದಲಾಗುತ್ತದೆ. ಹಗಲಿನ ಉದ್ದ ಮಾತ್ರ ಬದಲಾಗುವುದಿಲ್ಲ. ಎರಡು ಸೂಚನೆಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಹಕ್ಕಿಯ ಅಂದಾಜು ತಪ್ಪುತ್ತದೆ.

1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ ಎಂದು 2022ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಸೈಬೀರಿಯಾದ ಟೈಮೀರ್ ಪರ್ಯಾಯದ್ವೀಪದಲ್ಲಿ ಮರಿ ಮಾಡುವ ರೆಡ್ ನಾಟ್ ಹಕ್ಕಿಯ ಕತೆ ಕೇಳಿ. ಅಲ್ಲಿ ಮೂರು ದಶಕಗಳ ಅವಧಿಯಲ್ಲಿ ಹಿಮ ಕರಗುವ ದಿನ ವರ್ಷಕ್ಕೆ ಸರಾಸರಿ ಅರ್ಧ ದಿನದಂತೆ ಮುಂಚಿತವಾಯಿತು; ಒಟ್ಟು ಎರಡು ವಾರಗಳಿಗೂ ಹೆಚ್ಚು. ಕೀಟಗಳು ಬೇಗ ಎದ್ದವು, ಮರಿಗಳು ಹೊರಬರುವ ಹೊತ್ತಿಗೆ ಸುಗ್ಗಿ ಇಳಿಮುಖವಾಗಿತ್ತು. ಹೀಗೆ ಬೇಗ ಹಿಮ ಕರಗಿದ ವರ್ಷಗಳ ಮರಿಗಳು ಗಾತ್ರದಲ್ಲಿ ಚಿಕ್ಕವು, ಕೊಕ್ಕೂ ಗಿಡ್ಡ. ಅವು ಚಳಿಗಾಲ ಕಳೆಯುವುದು ಪಶ್ಚಿಮ ಆಫ್ರಿಕದ ಮಾರಿಟೇನಿಯ ಕಡಲತೀರದಲ್ಲಿ. ಅಲ್ಲಿ ಮರಳಿನಾಳದಲ್ಲಿರುವ ಚಿಪ್ಪುಜೀವಿಗಳಿಗೆ ಗಿಡ್ಡ ಕೊಕ್ಕು ನಿಲುಕುವುದಿಲ್ಲ; ಅಂಥ ಹಕ್ಕಿಗಳು ಬದುಕುಳಿಯುವ ಸಂಭವವೂ ಕಡಿಮೆ. 2016ರಲ್ಲಿ ‘ಸೈನ್ಸ್’ನಲ್ಲಿ ಬಂದ ಈ ವರದಿ ಕಲಿಸುವ ಪಾಠ ಸರಳ: ಗೂಡಿನಲ್ಲಾದ ಕೊರತೆಯ ಸಾಲ ಸಾವಿರಾರು ಕಿ.ಮೀ. ದೂರದ ಇನ್ನೊಂದು ಖಂಡದಲ್ಲಿ ತೀರುತ್ತದೆ. ಚಳಿಗಾಲದ ಅತಿಥಿ ನಮ್ಮ ಗದ್ದೆಯಲ್ಲಿ ಕಡಿಮೆಯಾದರೆ ಕಾರಣ ಗದ್ದೆಯಲ್ಲಿಯೇ ಇರಬೇಕೆಂದಿಲ್ಲ.

ಮಂಗಟ್ಟೆಯ ಬಾಗಿಲು

ನಮ್ಮ ಗುಡ್ಡಗಳ ಹಕ್ಕಿಗಳಿಗೆ ಕಾಲದಷ್ಟೇ ಜಾಗವೂ ಮುಖ್ಯ. ಇದಕ್ಕೆ ಮಂಗಟ್ಟೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮಲಬಾರ್ ಬೂದು ಮಂಗಟ್ಟೆಯ ಹೆಣ್ಣು ಬೇಸಿಗೆಯ ಮೊದಲಲ್ಲಿ ದೊಡ್ಡ ಮರದ ಪೊಟರೆಯೊಳಗೆ ಸೇರಿ, ಹಿಕ್ಕೆ ಮೊದಲಾದವುಗಳಿಂದ ಬಾಯಿಯನ್ನು ಮುಚ್ಚಿ, ಕೊಕ್ಕು ತೂರುವಷ್ಟು ಸಂದು ಮಾತ್ರ ಉಳಿಸಿಕೊಳ್ಳುತ್ತದೆ. ಸುಮಾರು ಮೂರು ತಿಂಗಳು ಗಂಡು ಹೊರಗಿನಿಂದ ಹಣ್ಣು, ಹುಳು ತಂದು ಉಣಿಸುತ್ತದೆ. ದಪ್ಪ ಮರದ ಗೋಡೆ ಶಾಖ ಕಾಯುತ್ತದೆ, ಮುಚ್ಚಿದ ಬಾಗಿಲು ಹಾವು, ಮಂಗಗಳನ್ನು ತಡೆಯುತ್ತದೆ. ಉಷ್ಣವಲಯದ ಗೂಡುಗಳ್ಳರ ಕಾಟಕ್ಕೆ ಇದೊಂದು ಉತ್ತರ. ಆದರೆ ಮಂಗಟ್ಟೆ ಮರಕುಟಿಗದಂತೆ ಪೊಟರೆ ಕೊರೆಯಲಾರದು. ಅದಕ್ಕೆ ಬೇಕಾದ ಪೊಟರೆ ಹಳೆಯ ಭಾರಿ ಮರಗಳಲ್ಲಿ ತಾನಾಗಿ ಆಗಬೇಕು. ಅದಕ್ಕೆ ಎಷ್ಟೋ ದಶಕಗಳು ಬೇಕು. ದೊಡ್ಡ ಮಂಗಟ್ಟೆಗಂತೂ ಇನ್ನೂ ದೊಡ್ಡ ಪೊಟರೆ ಬೇಕು. 2018ರಲ್ಲಿ ಅದನ್ನು ಅಪಾಯಕ್ಕೀಡಾಗಬಲ್ಲ ಜಾತಿಗಳ ಪಟ್ಟಿಗೆ ಸೇರಿಸಲಾಯಿತು.

ಕಾಫಿ ತೋಟ ಇಲ್ಲಿ ಮುಖ್ಯವಾಗುತ್ತದೆ. ಷಾರ್ಲಟ್ ಚಾಂಗ್, ಕೃತಿ ಕಾರಂತ ಮತ್ತು ಪಾಲ್ ರಾಬಿನ್ಸ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕರ್ನಾಟಕದ ಅರೇಬಿಕಾ ಮತ್ತು ರೊಬಸ್ಟಾ ತೋಟಗಳಲ್ಲಿ ಕಾಡನ್ನು ಅವಲಂಬಿಸಿದ 79 ಜಾತಿಯ ಹಕ್ಕಿಗಳು ಕಂಡುಬಂದವು. ನೆರಳಿನ ಮರಗಳನ್ನು ಉಳಿಸಿಕೊಂಡು ಬಂದ ನಮ್ಮ ಬೆಳೆಗಾರರಿಗೆ ಇದು ಹೆಮ್ಮೆಯ ವಿಷಯ. ಆದರೆ ತೋಟದಲ್ಲಿ ಹಕ್ಕಿ ಕಂಡಿತು ಎನ್ನುವುದೂ ತೋಟದಲ್ಲಿ ಅದು ಮರಿ ಮಾಡಿತು ಎನ್ನುವುದೂ ಒಂದೇ ಅಲ್ಲ. ಕಾಡಿನಲ್ಲಿ ಹುಟ್ಟಿ ತೋಟದಲ್ಲಿ ಮೇಯುವ ಹಕ್ಕಿಗಳೂ ಎಣಿಕೆಗೆ ಸಿಗುತ್ತವೆ. ಗೂಡುಗಳ ಲೆಕ್ಕವಿಲ್ಲದೆ ತೋಟದ ನಿಜವಾದ ಬೆಲೆ ತಿಳಿಯದು.

ತೋಟದಲ್ಲಿ ಎರಡು ಬದಲಾವಣೆಗಳನ್ನು ಗಮನಿಸಬೇಕು. ಒಂದು, ಬಸರಿ, ಅತ್ತಿ, ಹೊನ್ನೆ, ನಂದಿಯಂಥ ಮರಗಳ ಜಾಗಕ್ಕೆ ಆಸ್ಟ್ರೇಲಿಯ ಮೂಲದ ಸಿಲ್ವರ್ ಓಕ್ ಬರುತ್ತಿರುವುದು. ಅದು ಬೇಗ ಬೆಳೆಯುತ್ತದೆ, ನೆಟ್ಟಗಿರುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ. ಬೆಳೆಗಾರ ಅದನ್ನು ಮೆಚ್ಚುವುದಕ್ಕೆ ಕಾರಣಗಳಿವೆ. ಆದರೆ ಮಂಗಟ್ಟೆಗೆ ಅದರಿಂದ ಹಣ್ಣೂ ಇಲ್ಲ, ಪೊಟರೆಯೂ ಇಲ್ಲ. ಎರಡು, ಮಳೆಗೆ ಮುಂಚೆ ನಡೆಯುವ ಮರಗಸಿ. ಗೂಡಿನ ಕಾಲ ಮತ್ತು ಕೊಂಬೆ ಕಡಿಯುವ ಕಾಲ ಏಪ್ರಿಲ್-ಮೇ ತಿಂಗಳಲ್ಲಿ ಒಂದರ ಮೇಲೊಂದು ಬರುತ್ತವೆ. ಮರ ಹತ್ತುವ ಮೊದಲು ಐದು ನಿಮಿಷ ಕೆಳಗೆ ನಿಂತು ನೋಡಿದರೆ, ಕೊಕ್ಕಿನಲ್ಲಿ ಹುಳು ಹಿಡಿದ ಹಕ್ಕಿ ಎತ್ತ ಹೋಗುತ್ತಿದೆ ಎಂದು ತಿಳಿಯುತ್ತದೆ. ಆ ಒಂದು ಮರವನ್ನು ಮೂರು ವಾರ ಬಿಟ್ಟು ಮಾಡಿದರೆ ಕಾಫಿಗೆ ನಷ್ಟವಾಗದು. ಒಂದು ಸಂಸಾರ ಹಾರಿಹೋಗಿರುತ್ತದೆ. ಪೊಟರೆಯಿರುವ ಹಳೆಯ ಮರ ಮತ್ತು ಅತ್ತಿಯ ಜಾತಿಯ ಮರಗಳನ್ನು ಗುರುತು ಹಾಕಿ ಉಳಿಸುವುದು ಇನ್ನೂ ಒಳ್ಳೆಯದು.

ತರಗತಿಯಿಂದ ತೋಟಕ್ಕೆ

ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಅಲ್ಲಿನ ಹಕ್ಕಿಗಳನ್ನು ಕನ್ನಡಿಗರ ಮನೆಮಾತಾಗಿಸಿದರು. ಅವರು 2007ರಲ್ಲಿ ತೀರಿಕೊಂಡರು. ಮುಂದಿನ ಕೆಲಸ ಶಾಲೆಗಳಿಂದ ನಡೆಯಬಹುದು. ಅಧ್ಯಾಪಕ ಮಿತ್ರರಿಗೆ ಎರಡು ಚಟುವಟಿಕೆಗಳನ್ನು ಸೂಚಿಸುತ್ತೇನೆ.

ಮೊದಲನೆಯದು, ಹಗಲಿನ ಉದ್ದದ ಲೆಕ್ಕ. ನಿಮ್ಮ ಊರಿನ ಅಕ್ಷಾಂಶದ ಟ್ಯಾಂಜೆಂಟನ್ನು ಆ ದಿನದ ಸೂರ್ಯನ ಘಂಟಾವೃತ್ತಾಂಶದ (ವಿಷುವದ್ವೃತ್ತದಿಂದ ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇರುವ ಕೋನದ, ದಕ್ಷಿಣಕ್ಕಿದ್ದರೆ ಋಣ) ಟ್ಯಾಂಜೆಂಟಿನಿಂದ ಗುಣಿಸಿ. ಗುಣಲಬ್ಧದ ಚಿಹ್ನೆ ಬದಲಿಸಿ. ಆ ಸಂಖ್ಯೆ ಯಾವ ಕೋನದ ಕೊಸೈನ್ ಎಂದು ಕಂಡುಕೊಂಡು, ಕೋನವನ್ನು ಡಿಗ್ರಿಯಲ್ಲಿ ಬರೆದು, ಎರಡರಿಂದ ಗುಣಿಸಿ 15ರಿಂದ ಭಾಗಿಸಿ. ಬಂದದ್ದು ಹಗಲಿನ ಗಂಟೆಗಳು. ವಾಯುಮಂಡಲದಲ್ಲಿ ಬೆಳಕು ಬಾಗುವುದರಿಂದಲೂ ಸೂರ್ಯನ ಬಿಂಬಕ್ಕೆ ಗಾತ್ರವಿರುವುದರಿಂದಲೂ ನಮ್ಮಲ್ಲಿ ಸುಮಾರು 7 ನಿಮಿಷ ಕೂಡಿಸಬೇಕು. ಜೂನ್ 21ಕ್ಕೆ (ಘಂಟಾವೃತ್ತಾಂಶ 23.44 ಡಿಗ್ರಿ) ಕಳಸಕ್ಕೂ 70 ಡಿಗ್ರಿ ಅಕ್ಷಾಂಶಕ್ಕೂ ಮಾಡಿ ನೋಡಿ. ಎರಡನೆಯದರಲ್ಲಿ ಕೊಸೈನ್ ಬೆಲೆ ಋಣ ಒಂದನ್ನೂ ಮೀರಿ ಕೆಳಗಿಳಿಯುತ್ತದೆ. ಅಂಥ ಕೋನವೇ ಇಲ್ಲ. ಸೂರ್ಯ ಮುಳುಗುವುದಿಲ್ಲ ಎಂಬುದನ್ನು ಗಣಿತ ಹೇಳುವ ರೀತಿ ಅದು!

ಎರಡನೆಯದು, ಗೂಡಿನ ದಿನಚರಿ. ದಿನಾಂಕ, ಸ್ಥಳ, ಮರದ ಜಾತಿ, ಹಕ್ಕಿಯ ಹೆಸರು, ಕಂಡ ಕೆಲಸ (ಕಡ್ಡಿ ಒಯ್ಯುವುದು, ಮೇವು ಒಯ್ಯುವುದು, ಮರಿ ಹಾರುವುದು), ಆ ದಿನದ ಮಳೆ ಇಷ್ಟನ್ನು ಬರೆದರೆ ಸಾಕು. ಮಳೆ ಅಳೆದು ಬರೆದಿಡುವ ಪದ್ಧತಿ ಎಷ್ಟೋ ತೋಟಗಳಲ್ಲಿ ತಲೆಮಾರುಗಳಿಂದ ಇದೆ. ಆ ಪುಸ್ತಕದಲ್ಲಿ ಗೂಡಿಗೊಂದು ಅಂಕಣ ಸೇರಿಸಿದರಾಯಿತು. ಹೂಮಳೆ ಬಿದ್ದ ದಿನ, ಬಸರಿ ಹಣ್ಣಾದ ದಿನ, ಮೊದಲ ಈಸಲು ಎದ್ದ ದಿನಗಳನ್ನೂ ಬರೆಯಿರಿ. ಒಂದು ಎಚ್ಚರ: ಗೂಡಿನ ಹತ್ತಿರ ಹೋಗಬಾರದು, ಎಲೆ ಸರಿಸಬಾರದು, ಮರಿಗಳ ಚಿತ್ರ ತೆಗೆಯಲು ಹೋಗಬಾರದು. ನಾವು ತುಳಿದ ಜಾಡು ಗೂಡುಗಳ್ಳರಿಗೆ ದಾರಿಯಾಗುತ್ತದೆ. ದೂರದಿಂದ ನೋಡಿದಷ್ಟು ಸಾಕು.

ಒಂದು ವರ್ಷದ ಟಿಪ್ಪಣಿಯಿಂದ ಹೆಚ್ಚೇನೂ ತಿಳಿಯದು. ಹತ್ತು ಶಾಲೆಗಳು ಹತ್ತು ವರ್ಷ ಬರೆದರೆ, ಹೂಮಳೆ ಹಿಂದುಮುಂದಾದಾಗ ಪಿಕಳಾರದ ಗೂಡೂ ಹಿಂದುಮುಂದಾಗುತ್ತದೆಯೇ, ಅಥವಾ ಅದು ಹಗಲಿನ ಗಡಿಯಾರಕ್ಕೇ ಅಂಟಿಕೊಂಡಿದೆಯೇ ಎಂಬುದು ಗೊತ್ತಾಗುತ್ತದೆ. ಟಂಡ್ರಾದ ಹಕ್ಕಿಗಳ ವಿಷಯದಲ್ಲಿ ಇಂಥ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅನೇಕರು ಅನೇಕ ವರ್ಷ ಹಿಮ ಕರಗಿದ ದಿನವನ್ನೂ ಮರಿ ಹೊರಬಂದ ದಿನವನ್ನೂ ಬೇಸರಿಸದೆ ಬರೆದಿಟ್ಟದ್ದರಿಂದ. ನಮಗೆ ಅಷ್ಟು ದೂರ ಹೋಗಬೇಕಿಲ್ಲ. ಶಾಲೆಯ ಬೇಲಿಯಾಚೆಗಿನ ತೋಟದಲ್ಲಿ ಬರುವ ಫೆಬ್ರುವರಿಯಿಂದಲೇ ತೊಡಗಬಹುದು.